ಸಹಾಯ ಬೇಕು: ಕಾರಿಗೆ ಶ್ಯಾಲೋ ಸಬ್‌ವೂಫರ್ (ಕಡಿಮೆ ಆಳದ ಬೇಸ್ ಸ್ಪೀಕರ್), 12 ಇಂಚಿನದ್ದು ಒಂದಾ, 10 ಇಂಚಿನವು ಎರಡಾ?

ಸ್ನೇಹಿತರೇ, ನಮ್ಮದು ಸ್ವಿಫ್ಟ್ ಕಾರು. ತಿಂಗಳಿಗೆರಡು ಸಲ ಮನೆಯವರೆಲ್ಲ ಶಿವಮೊಗ್ಗಕ್ಕೆ ಹೋಗುತ್ತೇವೆ, ಡಿಕ್ಕಿ ತುಂಬಾ ಲಗೇಜು. ಹಾಗಾಗಿ ದೊಡ್ಡ ಬಾಕ್ಸ್ ಬೇಡ ಅಂತ ಹಿಂದಿನ ಸೀಟಿನ ಬೆನ್ನಿಗೆ ಒರಗುವ ಸೀಲ್ಡ್ (ಗಾಳಿಯಾಡದಂತೆ ಮುಚ್ಚಿದ) ಸ್ಪೀಕರ್ ಬಾಕ್ಸ್ ಮಾಡಿಸಿದೆ. 18 ಎಂಎಂ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ). ಒಳಗಿನ ಆಳ ಮೂರೂವರೆ ಇಂಚು ಮಾತ್ರ, ಜಾಗ ಸುಮಾರು 0.78 ಘನ ಅಡಿ.

ಹಳೆಯ 12 ಇಂಚಿನ ಮಾಮೂಲಿ ಸಬ್ ಕೂರಿಸಿ ನೋಡಿದೆ. ಮ್ಯಾಗ್ನೆಟ್ ಹಿಂದಿನ ಹಲಗೆಗೆ ತಗುಲಿತು. ಮುಂದೆ ರಿಂಗ್ ಕೊಟ್ಟು ಎತ್ತರಿಸಿದರೂ ಮ್ಯಾಗ್ನೆಟ್ಟಿನ ಹಿಂಬದಿಯ ಗಾಳಿ ಕಿಂಡಿ ಮುಚ್ಚಿಹೋಗಿ ಬುಸ್ ಬುಸ್ ಸದ್ದು. ಬಾಕ್ಸ್ ಇನ್ನೂ ದಪ್ಪ ಮಾಡಿಸಿದರೆ ಲಗೇಜಿಗೆ ಜಾಗವಿಲ್ಲ.

ಈಗ ಶ್ಯಾಲೋ ಸಬ್ಬೇ ದಾರಿ. ನನ್ನ ಮೋನೋ ಆಂಪ್ (ಒಂದೇ ಚಾನೆಲ್‌ನ ಆಂಪ್ಲಿಫೈಯರ್) 4 ಓಮ್ (ಸ್ಪೀಕರಿನ ವಿದ್ಯುತ್ ತಡೆ) ಇದ್ದರೆ 300 ವಾಟ್, 2 ಓಮ್ ಇದ್ದರೆ 500 ವಾಟ್ ಆರ್‌ಎಂಎಸ್ (ಸತತವಾಗಿ ಸಿಗುವ ಪವರ್) ಕೊಡುತ್ತದೆ. 4 ಓಮ್‌ನ 10 ಇಂಚಿನವು ಎರಡು ಪ್ಯಾರಲಲ್ ಹಾಕಿದರೆ ಒಟ್ಟು 2 ಓಮ್ ಆಗಿ ಪೂರ್ತಿ ಪವರ್ ಸಿಗುತ್ತದೆ, ಆದರೆ ಒಂದೊಂದಕ್ಕೆ 0.39 ಘನ ಅಡಿಯೂ ಉಳಿಯೋಲ್ಲ. 4 ಓಮ್‌ನ 12 ಇಂಚಿನದ್ದು ಒಂದೇ ಆದರೆ ಜಾಗ ಜಾಸ್ತಿ, ಪವರ್ ಕಮ್ಮಿ. ನನಗೆ ಡೊಳ್ಳಿನ ಏಟು ಎದೆಗೆ ತಾಗಬೇಕು, ಸುಮ್ನೆ ಗುಂಯ್ ಅನ್ನಬಾರದು.

ಇಂಥ ತೆಳು ಬಾಕ್ಸಿನಲ್ಲಿ ಎರಡನ್ನೂ ಕೇಳಿದವರು ಹೇಳಿ: ಯಾವುದು ತಗೊಳ್ಳಲಿ? ಮ್ಯಾಗ್ನೆಟ್ ಹಿಂದೆ ಎಷ್ಟು ಇಂಚು ಖಾಲಿ ಬಿಡಬೇಕು?