ಸಹಾಯ ಬೇಕು: ಹಿತ್ತಲಿನಲ್ಲಿ ಸ್ಯಾಂಡ್‌ಬ್ಲಾಸ್ಟಿಂಗ್, ದೂಳಿಗೆ ಏನು ಮಾಡಲಿ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ. ಅಜ್ಜನ ಕಾಲದ ಕಬ್ಬಿಣದ ಗೇಟು ಮತ್ತು ಕಿಟಕಿ ಸರಳುಗಳ ತುಕ್ಕನ್ನು ಹಿತ್ತಲಿನಲ್ಲೇ ಬ್ಲಾಸ್ಟಿಂಗ್ ಮಾಡಿ, ಅಂದರೆ ಒತ್ತಡದ ಗಾಳಿಯಿಂದ ಮರಳಿನಂಥ ಗಟ್ಟಿ ಕಣಗಳನ್ನು ಚಿಮ್ಮಿಸಿ ತೆಗೆಯಬೇಕೆಂದಿದ್ದೇನೆ. ಕಂಪ್ರೆಸರ್, ಗನ್ ಬಾಡಿಗೆಗೆ ಸಿಗುತ್ತವೆ. ತಲೆನೋವು ದೂಳಿನದು.

‘ತುಂಗಭದ್ರೆ ಮರಳನ್ನು ಜರಡಿ ಹಿಡಿದರೆ ಸಾಕಲ್ಲ, ಮುಖಕ್ಕೊಂದು ಟವೆಲ್ ಕಟ್ಟಿಕೊಳ್ಳಿ’ ಎಂದರು ವೆಲ್ಡಿಂಗ್ ಅಂಗಡಿಯವರು. ಟವೆಲ್ಲಿಗೆ ಬಗ್ಗುವ ದೂಳಲ್ಲ ಇದು. ಮರಳಿನ ಸಿಲಿಕಾ ಕಣ್ಣಿಗೆ ಕಾಣದಷ್ಟು ನುಣ್ಣಗೆ ಒಡೆದು ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅದರಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಗೆ ಗುಣಪಡಿಸುವ ಮದ್ದಿಲ್ಲ. ಬ್ರಿಟನ್ನಿನಲ್ಲಿ ಬ್ಲಾಸ್ಟಿಂಗ್‌ಗೆ ಮರಳು ಬಳಸುವುದನ್ನು 1950ರಷ್ಟು ಹಿಂದೆಯೇ ನಿಷೇಧಿಸಿದ್ದಾರೆ. ಹಾಗಾಗಿ ಮರಳು ಬೇಡವೇ ಬೇಡ, ಗಾರ್ನೆಟ್ ಎಂಬ ಗಟ್ಟಿ ಖನಿಜದ ಪುಡಿ ತರಿಸುತ್ತೇನೆ. ಹರಿಹರದಲ್ಲಿ ಅದನ್ನು ಸಣ್ಣ ಚೀಲಗಳಲ್ಲಿ ಮಾರುವವರು ಇದ್ದಾರೆಯೇ?

ಗಾರ್ನೆಟ್ ಆದರೂ ಗೇಟಿನ ಹಳೆಯ ಬಣ್ಣದಲ್ಲಿ ಸೀಸ ಇರಬಹುದೆಂಬ ಭಯವಿದೆ. ಬಣ್ಣದ ಚೂರನ್ನು ಪರೀಕ್ಷಿಸಿ ಕೊಡುವ ಪ್ರಯೋಗಾಲಯ ಇಲ್ಲಿ ಯಾವುದಿದೆ? ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತರುವ ಬ್ಲಾಸ್ಟಿಂಗ್ ಹೆಲ್ಮೆಟ್ ಬಾಡಿಗೆಗೆ ಸಿಕ್ಕರೆ ದಯವಿಟ್ಟು ತಿಳಿಸಿ. ಸಾಮಾನ್ಯ ಕಂಪ್ರೆಸರಿನ ಗಾಳಿಯನ್ನು ಅದಕ್ಕೆ ನೇರವಾಗಿ ಜೋಡಿಸಬಾರದು, ಎಣ್ಣೆಯ ಆವಿ, ಕಾರ್ಬನ್ ಮೊನಾಕ್ಸೈಡ್ ಬೆರೆತಿರಬಹುದು ಎಂಬುದು ಗೊತ್ತಿದೆ.

ಸುತ್ತಲೂ ಟಾರ್ಪಾಲು ಕಟ್ಟುತ್ತೇನೆ, ಆದರೆ ಪಕ್ಕದ ಮನೆಯ ಅಜ್ಜಿ ಮಾಳಿಗೆಯ ಮೇಲೆ ಸಂಡಿಗೆ ಒಣಗಿಸುತ್ತಾರೆ. ನೀರು ಬೆರೆಸಿ ಮಾಡುವ ಬ್ಲಾಸ್ಟಿಂಗ್‌ನಲ್ಲಿ ದೂಳು ಬಹಳ ಕಡಿಮೆ ಎನ್ನುತ್ತಾರೆ. ಮಾಡಿಸಿದವರಿದ್ದರೆ ಹೇಳಿ: ಒಣಗುವಷ್ಟರಲ್ಲಿ ಕಬ್ಬಿಣಕ್ಕೆ ಮತ್ತೆ ತುಕ್ಕು ಹತ್ತದಂತೆ ಪ್ರೈಮರನ್ನು ಎಷ್ಟು ಬೇಗ ಹಚ್ಚಿದಿರಿ?