ಸಹಾಯ ಬೇಕು: ಅಜ್ಜನ ದಿನಚರಿ, ಪತ್ರಗಳನ್ನು ಪತ್ರಾಗಾರಕ್ಕೆ ಕೊಡುವುದು ಹೇಗೆ?

ನಮಸ್ಕಾರ. ಧಾರವಾಡದ ನಮ್ಮ ಹಳೇ ಮನೆಯ ಅಟ್ಟದಲ್ಲಿ ಅಜ್ಜನ ಟ್ರಂಕು ಸಿಕ್ಕಿದೆ. 1956ರವರೆಗಿನ ದಿನಚರಿಗಳು, ಕರ್ನಾಟಕ ಏಕೀಕರಣ ಸಭೆಗಳ ಕರಪತ್ರ, ಮೋಡಿ ಲಿಪಿಯ (ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಕೂಡುಬರಹ) ಜಮೀನು ಕಾಗದ, ಅಜ್ಜಿಗೆ ಬರೆದ ಕಾರ್ಡುಗಳು. ಆ ಕಾರ್ಡು ಓದುತ್ತಾ ಅವ್ವ ಎರಡು ದಿನ ಅತ್ತಳು.

ಗುಂಡುಪಿನ್ನುಗಳ ತುಕ್ಕು ಹಾಳೆಗಿಳಿದಿದೆ, ಕೆಲವು ಮುಟ್ಟಿದರೆ ಪುಡಿಯಾಗುತ್ತವೆ. ಲ್ಯಾಮಿನೇಶನ್ ಮಾಡಿಸಿ ಅಂದರು ಒಬ್ಬರು. ಬಿಸಿಗೆ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡಿಸಲಾಗದು, ಅದಕ್ಕೇ ಒಪ್ಪಲಿಲ್ಲ. ಸದ್ಯ ಹತ್ತಿಬಟ್ಟೆಯಲ್ಲಿ ಸುತ್ತಿ ಒಣ ಜಾಗದಲ್ಲಿಟ್ಟಿದ್ದೇನೆ.

ಹಳೇ ದಾಖಲೆಗಳನ್ನು ಕಾಪಾಡುವ ರಾಜ್ಯ ಪತ್ರಾಗಾರಕ್ಕೆ ಮನೆತನದ ಕಾಗದ ಕೊಟ್ಟವರು ಯಾರಾದರೂ ಇದ್ದೀರಾ? ಸ್ಕ್ಯಾನ್ ಪ್ರತಿ ನಮಗೆ ಸಿಗುತ್ತದಾ? ಅಜ್ಜಿಯ ಕಾರ್ಡುಗಳನ್ನು ಅವ್ವ ಇರುವವರೆಗೆ ಯಾರಿಗೂ ತೋರಿಸಬಾರದೆಂದು ಷರತ್ತು ಹಾಕಬಹುದಾ? ಮೋಡಿ ಓದಬಲ್ಲವರು ಗೊತ್ತಿದ್ದರೂ ದಯವಿಟ್ಟು ತಿಳಿಸಿ. ಮಳೆಗಾಲಕ್ಕೆ ಮುಂಚೆ ಮುಗಿಸಬೇಕು, ಮನೆ ಸೋರುತ್ತದೆ.