ಕಾಕಾನ ಎಂಟು ನಿಮಿಷದ ವಿಮಾನ

ಕಾಕಾ (ವಾಸ್ಕೋ): ದೂರ, ಹೊತ್ತು ಲೆಕ್ಕ ಹಾಕುವ ವೆಬ್‌ಸೈಟಿನ ಈ ಸ್ಕ್ರೀನ್‌ಶಾಟ್ ನೋಡಿ. ನಾರ್ವೆಯ ಟ್ರೋಮ್ಸೊದಿಂದ ಉತ್ತರ ಧ್ರುವದ ಕಡೆಯ ಸ್ವಾಲ್ಬಾರ್ಡ್ ದ್ವೀಪಗಳ ಲಾಂಗ್‌ಇಯರ್‌ಬ್ಯೆನ್‌ಗೆ 960 ಕಿ.ಮೀ. ವಿಮಾನದಲ್ಲಿ 1 ಗಂಟೆ 12 ನಿಮಿಷ. ಜೂನ್‌ನಲ್ಲಿ ನಾನು, ಕಾಕು ಹೊರಡುತ್ತೇವೆ.

ಮಾಮಾ (ಮಡಗಾಂವ್): ಸುಮ್ನೆ ಏನೋ ಹಾಕಿದ್ದಾರೆ. ಮೊಮ್ಮಗನ ಗೋಡೆ ನಕಾಶೆ ಮೇಲೆ ದಾರ ಹಿಡಿದು ಅಳೆದೆ. ಗೋವಾ–ಶ್ರೀನಗರಕ್ಕಿಂತ ಜಾಸ್ತಿ ಬರುತ್ತದೆ. 960 ಹೇಗೆ ಸಾಧ್ಯ ಬೀಗರೇ?

ನಾನು (ಪೋಂಡಾ): ಮಾಮಾ, ಆ ನಕಾಶೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತಾ ನೋಡಿ.

ಮಾಮಾ: ಹೌದಲ್ಲ. ಅಷ್ಟೇ ಇದೆ.

ನಾನು: ಹಾಗಿದ್ದರೆ ಅದು ಮರ್ಕೇಟರ್ ನಕಾಶೆ. ಮೇಲೆ ಹೋದ ಹಾಗೆ ಎಲ್ಲವನ್ನೂ ಹಿಗ್ಗಿಸುತ್ತದೆ. ಸ್ವಾಲ್ಬಾರ್ಡ್ ಇರುವ 78 ಡಿಗ್ರಿ ಅಕ್ಷಾಂಶದಲ್ಲಿ ಐದು ಪಟ್ಟಿನ ಹತ್ತಿರ. ನಿಜವಾಗಿ ಶ್ರೀನಗರ ಇಲ್ಲಿಂದ ಎರಡು ಸಾವಿರ ಕಿ.ಮೀ. ಮೇಲಿದೆ. ಕಾಕಾ ಹೇಳುವ ದಾರಿ ಅದರ ಅರ್ಧವೂ ಇಲ್ಲ.

ಕಾಕಾ: ಕೇಳಿದ್ರಾ ಬೀಗರೇ? 😄

ನಾನು: ಕಾಕಾ, ದೂರ ಸರಿ ಇದೆ, ಹೊತ್ತು ಸರಿ ಇಲ್ಲ. 960ನ್ನು ವಿಮಾನದ ವೇಗ ಅಂತ ಗಂಟೆಗೆ 800 ಕಿ.ಮೀ.ಯಿಂದ ಭಾಗಿಸಿ. 72 ನಿಮಿಷ. ಆ ವೆಬ್‌ಸೈಟ್ ಮಾಡಿದ್ದು ಇಷ್ಟೇ. ವೇಳಾಪಟ್ಟಿಯಲ್ಲಿ 1 ಗಂಟೆ 40 ನಿಮಿಷದ ಆಸುಪಾಸು ಇರುತ್ತದೆ.

ಕಾಕಾ: ಅರ್ಧ ಗಂಟೆ ಎಲ್ಲಿ ಹೋಯಿತು ಹಾಗಾದ್ರೆ? ಸಮುದ್ರದ ಮೇಲೆ ಸಿಗ್ನಲ್ ಇದೆಯಾ?

ನಾನು: ನಮ್ಮ ದಾಬೋಳಿಂ ವಿಮಾನ ನಿಲ್ದಾಣದಿಂದ ಮುಂಬೈಗೆ 420 ಕಿ.ಮೀ. ನಿಮ್ಮ ಲೆಕ್ಕದಲ್ಲಿ ಅರ್ಧ ಗಂಟೆ. ಟಿಕೆಟ್‌ನಲ್ಲಿ ಒಂದೂಕಾಲು ಗಂಟೆ ಅಂತ ಇರುತ್ತದೆ, ಅಲ್ವಾ? ವಿಮಾನ ನಿಂತ ಜಾಗದಿಂದ ಕದಲಿದಾಗಲೇ ಆ ಗಂಟೆ ಶುರು. ರನ್‌ವೇ ತನಕ ಉರುಳಬೇಕು, ಸಾಲಿನಲ್ಲಿ ಕಾಯಬೇಕು, ಮೇಲೇರಬೇಕು. ಇಳಿಯುವಾಗ ವೇಗ ತಗ್ಗಿಸಿ ಒಂದು ಸುತ್ತು ಹಾಕಬೇಕು. ಅಷ್ಟು ಹೊತ್ತೂ 800ರ ಓಟ ಎಲ್ಲಿಂದ ಬರಬೇಕು?

ಕಾಕಾ: ಕಂಪ್ಯೂಟರ್ ತಪ್ಪು, ನೀನು ಸರಿ! ಇರಲಿ, ಮುಂದಿನದೂ ಹಾಕುತ್ತೇನೆ. ಲಾಂಗ್‌ಇಯರ್‌ಬ್ಯೆನ್‌ನಿಂದ ನ್ಯೂ ಓಲೆಸುಂಡ್ 108 ಕಿ.ಮೀ., 8 ನಿಮಿಷ. ನಮ್ಮ ಹೆಡ್‌ಲ್ಯಾಂಡ್ ಸಡಾದ ಧ್ರುವ ಸಂಶೋಧನೆಯವರ ಹಿಮಾದ್ರಿ, ಅಂದರೆ ಭಾರತದ ಸಂಶೋಧನಾ ಕೇಂದ್ರ, ಇರುವುದು ಅಲ್ಲೇ. 2008ರಲ್ಲಿ ಶುರುವಾದದ್ದು. ಅದನ್ನು ನೋಡಿಯೇ ಬರುವುದು.

ಮಾಮಾ: ಎಂಟು ನಿಮಿಷಾನಾ! ಬೆಲ್ಟ್ ಹಾಕಿಕೊಳ್ಳೋಕೂ ಸಾಲಲ್ಲ.

ನಾನು: ಅಲ್ಲಿ ಹಾರುವುದು ಡಾರ್ನಿಯರ್ ಅನ್ನುವ ಪುಟ್ಟ ವಿಮಾನ ಕಾಕಾ. ದಾಬೋಳಿಂನಲ್ಲಿ ನೌಕಾಪಡೆಯವರದ್ದು ಗುಂಯ್ ಅಂತ ನಿಮ್ಮ ಟೆರೇಸ್ ಮೇಲೇ ಹೋಗುತ್ತದಲ್ಲ, ಆ ಜಾತಿಯದು. ಅದರ ವೇಗವೇ 800ರ ಅರ್ಧ. 25 ನಿಮಿಷವಾದರೂ ಬೇಕು. ಮೇಲಾಗಿ ಅದು ಸಂಶೋಧನೆಗೆ ಹೋಗುವವರಿಗೆ. ನಮ್ಮಂಥವರಿಗೆ ಬೇಸಿಗೆಯಲ್ಲಿ ಹಡಗೇ ದಾರಿ.

ಕಾಕಾ: 🙄

ವೈನಿ (ಪಣಜಿ): ನಿಮಿಷ ಆಮೇಲೆ ಎಣಿಸಿ. ವೀಸಾ ಯಾವುದು ಕೇಳಿದ್ದೀರಿ? ಸ್ವಾಲ್ಬಾರ್ಡ್‌ಗೆ ವೀಸಾ ಬೇಡ, ನಿಜ. ಆದರೆ ಅದು ಷೆಂಗೆನ್‌ನಲ್ಲಿ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪಿನಲ್ಲಿ, ಇಲ್ಲ. ಅಲ್ಲಿಗೆ ಹೋದರೆ ಷೆಂಗೆನ್ ಬಿಟ್ಟು ಹೊರಗೆ ಹೋದ ಹಾಗೆ. ವಾಪಸ್ ನಾರ್ವೆಗೆ ಬರಬೇಕಾದರೆ ಎರಡು ಎಂಟ್ರಿ ಇರುವ ವೀಸಾ ಬೇಕು. ಟ್ರೋಮ್ಸೊದಲ್ಲಿ ಪಾಸ್‌ಪೋರ್ಟ್ ತಪಾಸಣೆಯೂ ಇದೆ.

ಕಾಕಾ: ಬರುವಾಗ ಅಲ್ಲಿ 45 ನಿಮಿಷ ಸಾಕು ಅಂದುಕೊಂಡಿದ್ದೆ. ಬೇರೆ ಬೇರೆ ಟಿಕೆಟ್ ಅಗ್ಗ ಬೀಳುತ್ತಿತ್ತು.

ವೈನಿ: ಸಾಲದು. ಓಸ್ಲೋ ತನಕ ಒಂದೇ ಟಿಕೆಟ್ ಮಾಡಿಸಿ. ಮಂಜು ಬಿದ್ದು ವಿಮಾನ ತಡವಾದರೂ ಮುಂದಿನದಕ್ಕೆ ಅವರೇ ಹತ್ತಿಸುತ್ತಾರೆ.

ಕಾಕು: ನನಗೆ ರಾತ್ರಿ ಆಕಾಶದಲ್ಲಿ ಕಾಣುವ ಧ್ರುವದ ಬಣ್ಣದ ಬೆಳಕು ತೋರಿಸುತ್ತೇನೆ ಅಂದಿದ್ದಾರೆ. ಜೂನ್‌ನಲ್ಲಿ ಕಾಣುತ್ತದಾ?

ನಾನು: ಇಲ್ಲ ಕಾಕು. ಆಗ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ.

ಕಾಕು: ರೀ, ಟಿಕೆಟ್ ಈಗಲೇ ತೆಗೀಬೇಡಿ.